ಸಂಗ್ರಹವೂ ಪರಿಮಿತಿಯೂ

ಸಂಗ್ರಹವು ಗೃಹಸ್ಥನಿಗೆ ಸಹಜವಾದ ಪ್ರವೃತ್ತಿ. ಧನ, ಧಾನ್ಯ, ವಸ್ತ್ರಾದಿಗಳಿಗೆ ಶ್ರಾವಕನು ಮಿತಿಯನ್ನು ಹಾಕಿಕೊಳ್ಳಬೇಕೆಂದು ಶಾಸ್ತ್ರವು ವಿಧಿಸುತ್ತದೆ. ಆದರೆ ಹವ್ಯಾಸದ ಹೆಸರಿನಲ್ಲಿ ಕೂಡಿಡುವ ವಸ್ತುಗಳು ಈ ಲೆಕ್ಕಕ್ಕೆ ಬರುವುದು ಅಪರೂಪ. ಕಾಗದದ ಚೂರುಗಳಲ್ಲಿ ಯಾವ ಪರಿಗ್ರಹವೆಂದು ಗೋಕಾಕದ ಜವಳಿ ವ್ಯಾಪಾರಿಯೊಬ್ಬರು ಬಹುಕಾಲ ನಂಬಿದ್ದರು.

ಅವರ ಹವ್ಯಾಸ ಅಂಚೆಚೀಟಿಗಳ ಸಂಗ್ರಹ. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಅಂಗವಾಗಿ 1974ರ ನವೆಂಬರ್ 13ರಂದು ಅಂಚೆ ಇಲಾಖೆಯು 25 ಪೈಸೆಯ ಚೀಟಿಯೊಂದನ್ನು ಹೊರತಂದಿತು. ಪಾವಾಪುರಿಯ ಜಲಮಂದಿರದ ಚಿತ್ರವಿದ್ದ ಆ ಚೀಟಿ, ತಂದೆಯ ಅಂಗಡಿಗೆ ಬಂದ ಲಕೋಟೆಯ ಮೇಲೆ ಶಾಲಾಬಾಲಕನ ಕಣ್ಣಿಗೆ ಬಿದ್ದಿತು. ಬಾಲಕನು ಅದನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಲೆಕ್ಕದ ಪುಸ್ತಕದ ನಡುವೆ ಒಣಗಿಸಿದನು. ಹವ್ಯಾಸವು ಅಂದೇ ಬೇರೂರಿತು.

ಮುಂದೆ ಅವರು ಜೈನ ವಿಷಯಗಳ ಭಾರತೀಯ ಅಂಚೆಚೀಟಿಗಳಿಗಾಗಿಯೇ ಒಂದು ಪ್ರತ್ಯೇಕ ಆಲ್ಬಮ್ ಸಿದ್ಧಪಡಿಸಿ, ತಮಗೆ ಬೇಕೆನಿಸಿದ ಪ್ರತಿಯೊಂದು ಚೀಟಿಗೂ ಚೌಕವನ್ನು ಬರೆದಿಟ್ಟರು. ಐದನೆಯ ಜಾರ್ಜ್ ದೊರೆಯ ರಜತೋತ್ಸವಕ್ಕೆಂದು 1935ರಲ್ಲಿ ಬಂದ ಮಾಲೆಯಲ್ಲಿ ಒಂದೂಕಾಲು ಆಣೆಯ ಚೀಟಿಯ ಮೇಲೆ ಕಲ್ಕತ್ತೆಯ ಜೈನ ಮಂದಿರವಿದೆ, ಅದು ದೊರೆಯಿತು. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ 1981ರ ಫೆಬ್ರವರಿ 9ರಂದು ಬಂದ ಒಂದು ರೂಪಾಯಿಯ ಚೀಟಿಯನ್ನು ಅಂಚೆ ಕಚೇರಿಯಲ್ಲಿಯೇ ಕೊಂಡರು. 1893ರ ಶಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮವನ್ನು ಪ್ರತಿನಿಧಿಸಿದ ವೀರಚಂದ ಗಾಂಧಿಯವರ ಚೀಟಿ 2002ರಲ್ಲಿಯೂ, ದಿಲ್ವಾರಾ ಹಾಗೂ ರಾಣಕಪುರ ಮಂದಿರಗಳ ಚೀಟಿಗಳು 2009ರಲ್ಲಿಯೂ ಸೇರಿದವು.

ಉಳಿದದ್ದು ಒಂದೇ ಚೌಕ. ಸ್ವತಂತ್ರ ಭಾರತವು 1949ರ ಆಗಸ್ಟ್ 15ರಂದು ಪ್ರಾಚೀನ ಸ್ಮಾರಕಗಳ ಚೀಟಿಮಾಲೆಯನ್ನು ಹೊರತಂದಿತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಮೌಲ್ಯದ್ದಾದ 15 ರೂಪಾಯಿಯ ಚೀಟಿಯ ಮೇಲೆ ಪಾಲಿತಾಣದ ಶತ್ರುಂಜಯ ಮಂದಿರವಿದೆ. ಪತ್ರಕ್ಕೆ ಆಣೆಗಳ ಚೀಟಿ ಸಾಕಾಗುತ್ತಿದ್ದ ಕಾಲದಲ್ಲಿ ಅಷ್ಟು ದೊಡ್ಡ ಮೊತ್ತದ ಚೀಟಿಯನ್ನು ಕೊಂಡು, ಬಳಸದೆ ಇಟ್ಟವರು ವಿರಳ. ಮುದ್ರೆ ಬೀಳದ, ಹಿಂಬದಿಯ ಗೋಂದು ಅಳಿಯದ ಪ್ರತಿಯೇ ಬೇಕೆಂಬ ಹಟ ಇವರದು. ಆದ್ದರಿಂದ ಆ ಚೌಕವು ವರ್ಷಾನುಗಟ್ಟಲೆ ಬರಿದಾಗಿಯೇ ಉಳಿಯಿತು.

ಕೆಲವು ವರ್ಷಗಳ ಹಿಂದೆ ಮೂಡಲಗಿಯಲ್ಲಿ, ತಂದೆಯ ಸ್ನೇಹಿತರಾಗಿದ್ದ ದಲಾಲಿ ವ್ಯಾಪಾರಿಯೊಬ್ಬರ ಮನೆಯ ಹಳೆಯ ದಫ್ತರಗಳನ್ನು ರದ್ದಿಗೆ ಹಾಕುವ ಸಿದ್ಧತೆ ನಡೆದಿತ್ತು. ಮನೆಯ ವಿಧವೆ ಸೊಸೆ ಅವುಗಳನ್ನು ಇವರಿಗೆ ತೋರಿಸಿದರು. ಒಂದು ಖಾತೆಪುಸ್ತಕದ ನಡುವೆ, ತೆಳುಗಾಗದದ ಮಡಿಕೆಯಲ್ಲಿ ಶತ್ರುಂಜಯದ ಚೀಟಿಯಿತ್ತು. ಮುದ್ರೆಯಿಲ್ಲ, ಗೋಂದು ಅಳಿದಿಲ್ಲ. ಇವರು ನೋಡಿದರು, ಪುಸ್ತಕವನ್ನು ಮುಚ್ಚಿದರು, ಮಾತನಾಡಲಿಲ್ಲ. ಕಟ್ಟನ್ನೆಲ್ಲ ಇನ್ನೂರು ರೂಪಾಯಿಗೆ ಕೊಂಡು ಗೋಕಾಕಕ್ಕೆ ಮರಳಿದರು.

ಅಂದು ರಾತ್ರಿ ಕೊನೆಯ ಚೌಕವು ತುಂಬಿತು. ಆದರೆ ನಿರೀಕ್ಷಿಸಿದ್ದ ಸಂತೋಷವು ಬರಲಿಲ್ಲ. ಮರುವಾರ ಹುಕ್ಕೇರಿಗೆ ಹೋಗಿ ಅಕ್ಕನಿಗೆ ಆಲ್ಬಮ್ಮನ್ನು ತೋರಿಸಿ, ಚೀಟಿ ದೊರೆತ ಬಗೆಯನ್ನು ಜಾಣ್ಮೆಯೆಂಬಂತೆ ವರ್ಣಿಸಿದರು. ಅಕ್ಕ ಕೇಳಿದ್ದು ಒಂದೇ ಮಾತು: “ಆಕಿಗೆ ಬೆಲೆ ಗೊತ್ತಿರಲಿಲ್ಲ, ಖರೆ. ನಿನಗ ಗೊತ್ತಿತ್ತಲ್ಲ, ತಮ್ಮಾ?”

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ. ತೂಕ ಅಳತೆಗಳನ್ನು ಹೆಚ್ಚುಕಡಿಮೆ ಮಾಡುವುದು ಅವುಗಳಲ್ಲೊಂದು. ಇವರ ಅಂಗಡಿಯ ಗಜಕಡ್ಡಿ ಎಂದೂ ತಪ್ಪಿದ್ದಿಲ್ಲ. ಆದರೆ ಮೂಡಲಗಿಯ ವ್ಯವಹಾರದಲ್ಲಿ ತಿಳಿವಳಿಕೆಯೇ ಅಳತೆಯಾಗಿತ್ತು; ಅದು ಕೊಳ್ಳುವವನ ಕೈಯಲ್ಲಿ ಪೂರ್ಣವಾಗಿದ್ದು, ಮಾರುವವಳ ಕೈಯಲ್ಲಿ ಶೂನ್ಯವಾಗಿತ್ತು. ವಸ್ತುವಿನ ಮೇಲಿನ ಮೂರ್ಛೆಯೇ ಪರಿಗ್ರಹವೆಂದು ಅದೇ ಆಚಾರ್ಯರು ಹೇಳಿದ್ದು ಎಷ್ಟು ಯಥಾರ್ಥ! ಪ್ರಾಮಾಣಿಕನ ಬಾಯನ್ನು ಮುಚ್ಚಿಸಿದ್ದು ಆ ಮೂರ್ಛೆಯೇ.

ಬೆಳಗಾವಿಯಲ್ಲಿ ಬಲ್ಲವರಿಂದ ಚೀಟಿಯ ಬೆಲೆಯನ್ನು ಕಟ್ಟಿಸಿಕೊಂಡು ಅವರು ಮೂಡಲಗಿಗೆ ಹೋದರು. ನಡೆದದ್ದನ್ನು ಮುಚ್ಚದೆ ಹೇಳಿ, ಚೀಟಿಯೋ ಬೆಲೆಯೋ ನಿಮ್ಮ ಇಚ್ಛೆಯೆಂದರು. ಆ ಗೃಹಿಣಿ, “ರದ್ದಿಗೆ ಹಾಕಿದ ಮ್ಯಾಲೆ ಅದು ನಮ್ಮದಲ್ಲ ಬಿಡ್ರಿ, ಅಣ್ಣಾರ” ಎಂದರು. “ರದ್ದಿ ಅಂತ ನೀವು ತಿಳಿದಿದ್ರಿ ತಂಗಿ, ನಾ ತಿಳಿದಿರಲಿಲ್ಲ” ಎಂಬುದೇ ಇವರ ಉತ್ತರ. ಆಕೆ ಬೆಲೆಯನ್ನು ಆರಿಸಿಕೊಂಡರು. ಅದನ್ನು ಹೊಂದಿಸಲು ಇವರು ವಿದೇಶಿ ಚೀಟಿಗಳ ಮೂರು ಆಲ್ಬಮ್‌ಗಳನ್ನು ಮಾರಬೇಕಾಯಿತು. ಒಂದು ಚೌಕವು ನ್ಯಾಯವಾಗಿ ತುಂಬಲು ಮೂರು ಆಲ್ಬಮ್‌ಗಳು ಮನೆಯಿಂದ ಹೊರಟವು. ಮಿತಿಯಿಲ್ಲದೆ ಬೆಳೆದಿದ್ದ ಹವ್ಯಾಸಕ್ಕೆ ಪರಿಮಾಣವು ತಾನಾಗಿಯೇ ಬಂದಿತು. ಇನ್ನು ಹೊಸ ಚೌಕವನ್ನು ಬರೆಯುವುದಿಲ್ಲವೆಂದು ಅವರು ಅಂದೇ ನಿಯಮ ಮಾಡಿಕೊಂಡರು.

ಬಸದಿಗಳ ವಿಶ್ವಸ್ತರೂ ಮನೆತನದ ಹಿರಿಯರೂ ಹಳೆಯ ದಫ್ತರಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡುವುದು ಲೇಸು. ಕೊಳ್ಳಲು ಬಂದವನು ಬಲ್ಲವನಾಗಿದ್ದರೆ, ಬೆಲೆಯನ್ನು ಮೊದಲು ನುಡಿಯುವುದು ಅವನ ಧರ್ಮ.

ಆ ಆಲ್ಬಮ್ ಈಗ ಬಸದಿಯ ಪಾಠಶಾಲೆಯ ಮಕ್ಕಳ ಪಾಲಿಗೆ ಬಂದಿದೆ. ಕೊನೆಯ ಚೌಕದ ಕೆಳಗೆ ಎರಡು ಅಂಕಿಗಳಿವೆ: ಮೊದಲು ಕೊಟ್ಟ ಹಣ, ಅನಂತರ ಕೊಟ್ಟ ಹಣ. ಮಕ್ಕಳು ಕೇಳಿದಾಗ ಅವರು ಮೊದಲನೆಯ ಅಂಕಿಯನ್ನೇ ಮೊದಲು ವಿವರಿಸುತ್ತಾರೆ.