ಹೆಚ್ಚಿಗೆ ಹಾಕಿಸಿದ ಒಂದು ಪಾಟಾ

ಈ ಮಾಸಿಕದಲ್ಲಿ ತತ್ವ, ಪುರಾಣ, ಕ್ಷೇತ್ರದರ್ಶನಗಳ ಬಗ್ಗೆ ಬರೆಯುವ ವಿದ್ವಾಂಸರು ಬೇಕಾದಷ್ಟು ಜನ ಇದ್ದಾರೆ. ನಾನು ಮ್ಯಾಟ್ರಿಕ್‌ವರೆಗೆ ಓದಿದ ಅಂಗಡಿಕಾರ. ಆದ್ದರಿಂದ ನನಗೆ ಅನುಭವವಿದ್ದ ಒಂದು ಸಣ್ಣ ವಿಷಯ, ಅಂದರೆ ಗಾಡಿಯ ಕಮಾನಿನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಓದಿ ಯಾರೂ ನಗಬಾರದು. ಹಳ್ಳಿಯಲ್ಲಿ ಅಂಗಡಿ, ಮನೆಗೆ ಒಂದೇ ಗಾಡಿ, ಅದರಲ್ಲೇ ಮಾಲು, ಅದರಲ್ಲೇ ಮನೆಮಂದಿ, ಹೀಗೆ ಸಂಸಾರ ನಡೆಸುವ ಕುಟುಂಬಗಳು ನಮ್ಮ ಸಮಾಜದಲ್ಲಿ ಬಹಳ ಇವೆ. ಅವರಿಗೆ ಉಪಯೋಗವಾದೀತು.

ನಮ್ಮದು ಜತ್ತ ತಾಲೂಕಿನ ಪೂರ್ವಭಾಗದ ಹಳ್ಳಿ. ರಸ್ತೆಯ ಬಗ್ಗೆ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಎರೆಭೂಮಿ ಇದ್ದಲ್ಲಿ ಮಳೆಗಾಲದಲ್ಲಿ ನೆಲ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಡಾಂಬರು ಅದರ ಜೊತೆಗೇ ಏಳುತ್ತದೆ ಇಳಿಯುತ್ತದೆ. ಗರಸು ಇದ್ದಲ್ಲಿ ಅಂಚು ಕೊರೆದು ಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರಾಲಿ ಹೋಗಿ, ಉಳಿದದ್ದೂ ಕಿತ್ತುಹೋಗುತ್ತದೆ.

ನಮ್ಮ ತಂದೆಯವರು 1979ರಲ್ಲಿ ಸೆಕೆಂಡ್‌ಹ್ಯಾಂಡ್ ಅಂಬಾಸಡರ್ ತಂದಿದ್ದರು. ಮುಂದೆ ಟಾರ್ಶನ್ ಬಾರ್, ಹಿಂದೆ ಕಮಾನು. ತೊಟ್ಟಿಲಿನ ಹಾಗೆ ತೂಗುತ್ತಾ ಹೋಗುತ್ತಿತ್ತು, ತೆಗ್ಗು ಬಿದ್ದರೂ ಒಳಗಿನವರಿಗೆ ಅಷ್ಟು ತಾಗುತ್ತಿರಲಿಲ್ಲ. ಅದು ಹೋದ ಮೇಲೆ ನಡುವೆ ಬೇರೆ ಗಾಡಿಗಳಾದವು. 2011ರಲ್ಲಿ ಬೊಲೆರೊ ತಂದೆವು. ಅದಕ್ಕೆ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಕಮಾನು. ಕಮಾನಿನ ಒಂದೊಂದು ಪಟ್ಟಿಗೆ ನಮ್ಮ ಕಡೆ ಪಾಟಾ ಅನ್ನುತ್ತಾರೆ. ಶಾಕ್ ಅಬ್ಸಾರ್ಬರಿಗೆ ಗ್ಯಾರೇಜಿನವರು ಶಾಕಪ್ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

2016ರಲ್ಲಿ ನಾನು ಒಂದು ಜಾಣತನ ಮಾಡಿದೆ. ಅಂಗಡಿಗೆ ದನದ ಹಿಂಡಿಯ ಚೀಲ ತರುವುದಿತ್ತು. 50 ಕಿಲೋದ ಆರು ಚೀಲ ಹಿಂದೆ ಹಾಕಿದರೆ ಗಾಡಿ ಹಿಂದಕ್ಕೆ ಕುಕ್ಕರಿಸುತ್ತಿತ್ತು. ಸ್ವಂತ ಗಾಡಿಯಲ್ಲಿ ಅಂಗಡಿಯ ಮಾಲು ಹೇರುವುದೇ ನಿಯಮಕ್ಕೆ ಸರಿಯಲ್ಲ, ಆದರೆ ಟೆಂಪೋದ ಬಾಡಿಗೆ ಉಳಿಯುತ್ತದಲ್ಲ! ರಸ್ತೆ ಬದಿಯ ಒಂದು ಗ್ಯಾರೇಜಿನಲ್ಲಿ ಎರಡೂ ಕಡೆ ಒಂದೊಂದು ಪಾಟಾ ಹೆಚ್ಚಿಗೆ ಹಾಕಿಸಿದೆ. ಗಾಡಿ ಎದ್ದು ನಿಂತಿತು. ಹಿಂದಿನ ಟೈರಿನ ಗಾಳಿಯನ್ನೂ 45ಕ್ಕೆ ಏರಿಸಿದೆ. ಶಾಕಪ್ ಮಾತ್ರ ಹಳೆಯವೇ ಉಳಿದವು. ಖರ್ಚು ಕಡಿಮೆಯಾಯಿತೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ನಮ್ಮ ಅವ್ವನಿಗೆ ಕುಂಭೋಜ ಬಾಹುಬಲಿ ಕ್ಷೇತ್ರದ ಮೇಲೆ ಬಹಳ ಭಕ್ತಿ. 1963ರಲ್ಲಿ ಅಲ್ಲಿ 28 ಅಡಿಯ ಬಾಹುಬಲಿ ಮೂರ್ತಿಯ ಪ್ರತಿಷ್ಠೆಯಾದಾಗ ನಾಲ್ಕು ವರ್ಷದ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿದ್ದಳಂತೆ. 2018ರ ದಶಲಕ್ಷಣ ಪರ್ವ ಮುಗಿದು, ಕ್ಷಮಾವಣಿಯಾದ ಮರುದಿನ ಅವಳನ್ನೂ ನನ್ನ ಮನೆಯವರನ್ನೂ ಕರೆದುಕೊಂಡು ಹೊರಟೆ. ಆಗ ಅವ್ವನಿಗೆ 79. ಹೋಗುವಾಗ ತೊಂದರೆಯಾಗಲಿಲ್ಲ. ದರ್ಶನವಾಯಿತು, ತ್ಯಾಗಿಗಳ ಪ್ರವಚನ ಕೇಳಿದೆವು. ಬರುವಾಗ ಮಿರಜಿನಲ್ಲಿ ನನ್ನ ವ್ಯಾಪಾರದ ಒಂದು ಕೆಲಸದಿಂದ ತಡವಾಯಿತು.

ಅವ್ವ ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಸುವವಳು. ಹೊರಗಿನದು ಮುಟ್ಟುವುದಿಲ್ಲ, ನೀರು ಕೂಡ ಮನೆಯಲ್ಲಿ ಸೋಸಿದ್ದೇ ಆಗಬೇಕು. ಐದೂವರೆಯೊಳಗೆ ಮನೆ ಮುಟ್ಟದಿದ್ದರೆ ಅವಳಿಗೆ ಮರುದಿನದವರೆಗೆ ಉಪವಾಸ. "ತಮ್ಮಾ, ಸಾವಕಾಶ ಹೋಗು, ಒಂದು ರಾತ್ರಿ ಉಪವಾಸ ಮಾಡಿದರ ಏನಾಗತದ?" ಎಂದಳು. ನನಗೆ ಸಮಾಧಾನವಾಗಲಿಲ್ಲ. ಗಾಡಿ ನಾನೇ ಹೊಡೆಯುತ್ತಿದ್ದೆ. ಹಿಂದೆ ಚೀಲವಿಲ್ಲ, ಖಾಲಿ ಗಾಡಿ. ದೊಡ್ಡ ರಸ್ತೆ ಬಿಟ್ಟು ನಮ್ಮ ಊರಿನ ರಸ್ತೆಗೆ ಬಂದ ಮೇಲೂ 60ರಲ್ಲೇ ಇದ್ದೆ. ಒಂದು ಮೋರಿಯ ಹತ್ತಿರ ಡಾಂಬರು ಕುಸಿದಿದ್ದು ಕಾಣಲಿಲ್ಲ. ಗಾಡಿಯ ಹಿಂಭಾಗ ಪುಟಿದೆದ್ದು ಬಿದ್ದಿತು, ಮತ್ತೊಮ್ಮೆ ಎದ್ದು ಬಿದ್ದಿತು. ಅವ್ವ ಒಮ್ಮೆ "ಅಯ್ಯೋ" ಎಂದಳು, ಆಮೇಲೆ ಮಾತಾಡಲಿಲ್ಲ.

ಮರುದಿನ ಮಿರಜಿಗೇ ಒಯ್ದೆವು. ಫೋಟೋ ತೆಗೆದು ನೋಡಿದರೆ ಬೆನ್ನಿನ ಒಂದು ಮಣಿ ಕುಸಿದಿದೆ. ವಯಸ್ಸಾದ ಹೆಂಗಸರ ಎಲುಬು ಸವೆದು ಪೊಳ್ಳಾಗಿರುತ್ತದೆ, ಇಂಥ ಒಂದು ಹೊಡೆತವೇ ಸಾಕು ಎಂದರು ಡಾಕ್ಟರು. ಮೂರು ತಿಂಗಳು ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಮಲಗಿದಳು. ಬೆಳಗಿನ ಬಸದಿ ತಪ್ಪಿತು. ಐವತ್ತು ವರ್ಷಕ್ಕೂ ಮಿಕ್ಕಿ ನಡೆಸಿಕೊಂಡು ಬಂದ ನಿತ್ಯದರ್ಶನದ ನಿಯಮ ಅವಳಿಗೆ ಆಗ ಮುರಿಯಿತು. ಹಾಸಿಗೆಯಲ್ಲೇ ಜಪಮಣಿ ಹಿಡಿದಿರುತ್ತಿದ್ದಳು. ನೋಡಲಿಕ್ಕೆ ಬಂದ ಬೀಗರಿಗೆಲ್ಲ ನಾನು ರಸ್ತೆಯನ್ನು ಬೈದು ಹೇಳುತ್ತಿದ್ದೆ.

ಗಾಡಿಯನ್ನು ಜತ್ತದ ನಮ್ಮ ಹಳೆಯ ಮಿಸ್ತ್ರಿಯ ಕಡೆ ಒಯ್ದದ್ದು ಹದಿನೈದು ದಿನದ ಮೇಲೆ. ಅವರು ಕೆಟ್ಟ ರಸ್ತೆಯ ಮೇಲೆ ಹತ್ತು ಕಿಲೋಮೀಟರು ಹೊಡೆದು ಬಂದು, ನಾಲ್ಕೂ ಶಾಕಪ್ ಕೈಯಿಂದ ಮುಟ್ಟಿ ನೋಡಿದರು. ಮುಂದಿನವು ಬೆಚ್ಚಗಿದ್ದವು, ಹಿಂದಿನವೆರಡೂ ತಣ್ಣಗೆ. ಶಾಕಪ್ಪಿನೊಳಗೆ ಎಣ್ಣೆ ಸಣ್ಣ ತೂತಿನಲ್ಲಿ ಹಾಯ್ದು ಕುಲುಕಾಟವನ್ನು ಕಾವಾಗಿ ಕಳೆಯುತ್ತದೆ. ಕಾವೇ ಇಲ್ಲವೆಂದರೆ ಅದು ಕೆಲಸ ಮಾಡುತ್ತಿಲ್ಲ. ಅವರು ಕೆಳಗೆ ಹಣಿಕಿ ನೋಡಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಸಾವಕಾರ್ರ, ಈ ಪಾಟಾ ಯಾಂವ ಹಾಕ್ಯಾನ? ಚೀಲ ತುಂಬಿದಾಗ ಇದು ಕಮಾನು, ಖಾಲಿ ಇದ್ದಾಗ ಕಟ್ಟಿಗಿ."

ಅಂಗಡಿಯವನಿಗೆ ಇದು ತಿಳಿಯಲಿಕ್ಕೆ ಕಷ್ಟವಿಲ್ಲ. ಚೀಲ ತೂಗುವ ಕಾಟಾದ ಮೇಲೆ ಒಂದು ತೊಲ ಬಂಗಾರ ಇಟ್ಟರೆ ಮುಳ್ಳು ಅಲ್ಲಾಡುವುದೇ ಇಲ್ಲ. ಹಾಗೆ, ಮುನ್ನೂರು ಕಿಲೋ ಹೆಚ್ಚಿನ ಭಾರಕ್ಕೆ ಗಟ್ಟಿ ಮಾಡಿದ ಕಮಾನು ಮೂರು ಜನರ ತೂಕಕ್ಕೆ ಬಾಗುವುದಿಲ್ಲ. ತೆಗ್ಗಿನ ಹೊಡೆತ ನೇರವಾಗಿ ಕುಳಿತವರ ಬೆನ್ನಿಗೆ ಹೋಗುತ್ತದೆ. ಇನ್ನು ಗಟ್ಟಿ ಕಮಾನು ಪುಟಿಯುವುದೂ ಜೋರು, ಅದನ್ನು ಹಿಡಿದು ನಿಲ್ಲಿಸುವ ಶಾಕಪ್ ಸತ್ತಿತ್ತು. ಮೇಲೆ 45ರ ಗಾಳಿ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ, ಕುಣಿತ ನಿಲ್ಲಿಸುವುದು ಶಾಕಪ್ಪಿನ ಕೆಲಸ. ನಾನು ಒಂದನ್ನು ಹೆಚ್ಚಿಸಿ ಇನ್ನೊಂದನ್ನು ಮರೆತಿದ್ದೆ.

ಇನ್ನು ಏನು ಹಾಕಿಸಬೇಕು ಎಂಬ ಪ್ರಶ್ನೆ. ನನ್ನ ಮಗ ಮೊಬೈಲಿನಲ್ಲಿ ನೋಡಿ ಬೇರೆಯೇ ಲೆಕ್ಕ ತಂದಿದ್ದ. "ಅಪ್ಪಾ, ಎರಡು ಇಂಚು ಎತ್ತರಿಸೋಣ, ಒಂದೇ ಕೊಳವೆಯ ಫಾರಿನ್ ಶಾಕಪ್ ಹಾಕಿಸೋಣ" ಎಂದ. ಮಿಸ್ತ್ರಿ ಅವನ ಮಾತನ್ನು ಅಲ್ಲಗಳೆಯಲಿಲ್ಲ. ಒಂದೇ ಕೊಳವೆಯದು ಬೇಗ ತಣಿಯುತ್ತದೆ, ದೂರದ ಕೆಟ್ಟ ದಾರಿಯಲ್ಲೂ ಸೋಲುವುದಿಲ್ಲ ಎಂಬುದು ಖರೆ. ಆದರೆ ಕಲ್ಲು ಸಿಡಿದು ಅದರ ಮೈಗೆ ನೆಗ್ಗು ಬಿದ್ದರೆ ಒಳಗಿನ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದಕ್ಕೆ ಹೊರಗಿನ ಕೊಳವೆ ಸ್ವಲ್ಪ ನೆಗ್ಗಿದರೂ ಒಳಗಿನದು ಓಡುತ್ತಿರುತ್ತದೆ. ನಮ್ಮ ಜಲ್ಲಿಕಲ್ಲಿನ ದಾರಿಗೆ ಇದೇ ವಾಸಿ. ಎರಡು ಕೊಳವೆಯದರಲ್ಲಿಯೇ ಬರೀ ಎಣ್ಣೆಯದು, ಗ್ಯಾಸು ತುಂಬಿದ್ದು ಎಂದು ಇದೆ. ಒಂದೇ ಸಮನೆ ಕುಲುಕಿದಾಗ ಬರೀ ಎಣ್ಣೆ ನೊರೆಗಟ್ಟಿ ಹಿಡಿತ ಬಿಡುತ್ತದೆ, ಒಳಗೆ ನೈಟ್ರೋಜನ್ ಒತ್ತಡವಿದ್ದರೆ ನೊರೆ ಕಡಿಮೆ. ಅದನ್ನೇ ನಾಲ್ಕೂ ಕಡೆ ಹಾಕಿಸಿದೆವು. ಹಿಂದಿನ ಜೋಡಿ ಶಾಕಪ್ಪಿನ ಬೆಲೆ ಒಂದು ಟೈರಿನ ಬೆಲೆಗಿಂತ ಕಡಿಮೆ ಇತ್ತು! ಶಾಕಪ್ಪನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು, ಒಂದು ಹೊಸದು ಒಂದು ಹಳೆಯದು ಆದರೆ ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಗಾಡಿ ಒಂದು ಕಡೆ ಎಳೆಯುತ್ತದೆ.

ಎತ್ತರಿಸುವ ವಿಚಾರ ಕೈಬಿಟ್ಟೆವು. ಗಾಡಿ ಎತ್ತರವಾದಷ್ಟು ತಿರುವಿನಲ್ಲಿ ಹೊರಳುವ ಭಯ ಹೆಚ್ಚು. ಪ್ರೊಪೆಲರ್ ಶಾಫ್ಟಿನ ಜಾಯಿಂಟು ಓರೆಯಾಗಿ ಬೇಗ ಸವೆಯುತ್ತದೆ, ಬ್ರೇಕಿನ ಪೈಪು ಬಿಗಿಯಾಗುತ್ತದೆ. ಮುಖ್ಯವಾಗಿ, ಹತ್ತಿ ಇಳಿಯುವವಳು 79 ವರ್ಷದ ಮುದುಕಿ.

ಕಮಾನಿನ ಬಗ್ಗೆ ನನಗೂ ಒಂದು ಆಸೆಯಿತ್ತು. ಹಳೆಯ ಪಾಟಾಗಳನ್ನೇ ಕಾಸಿ ಬಡಿಸಿ ಬಾಗು ತಂದರೆ ಅಗ್ಗವಾಗುತ್ತದೆ. ಸರಿಯಾಗಿ ಹದ ಹಾಕದೆ ಬಡಿದ ಪಾಟಾ ಕೆಲವೇ ತಿಂಗಳಲ್ಲಿ ಮತ್ತೆ ಮಲಗುತ್ತದೆ, ಇಲ್ಲವೆ ಮುರಿಯುತ್ತದೆ ಎಂದು ಮಿಸ್ತ್ರಿ ಬಿಡಲಿಲ್ಲ. ಕಂಪನಿಯ ಹೊಸ ಕಮಾನನ್ನೇ, ಕಂಪನಿ ಕೊಟ್ಟಷ್ಟೇ ಪಾಟಾದ್ದನ್ನು ತರಿಸಿದೆವು. ಬುಶ್ ರಬ್ಬರಿನದೇ ಹಾಕಿಸಿದೆವು. ಪಾಲಿಯುರೇಥೇನ್ ಬುಶ್ ಹೆಚ್ಚು ದಿನ ಬರುತ್ತದೆ, ಆದರೆ ಗಡಗಡ ಹೆಚ್ಚು ಒಳಗೆ ಬಿಡುತ್ತದೆ. ಯು ಬೋಲ್ಟು ಹೊಸವೇ ಆಗಬೇಕು, ಒಮ್ಮೆ ಎಳೆದು ಬಿಗಿದದ್ದನ್ನು ತಿರುಗಿ ಹಾಕಬಾರದು. ಐದು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು. ಇದು ಸಡಿಲಾದರೆ ನಡುವಿನ ಬೋಲ್ಟು ಕಡಿದು ಅಚ್ಚು ಜಾರುತ್ತದೆ. ಕೊನೆಗೆ ಮುಂದಿನ ಚಕ್ರಗಳ ಅಲೈನ್‌ಮೆಂಟು ನೋಡಿಸಿ, ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಷ್ಟು ಗಾಳಿ ತುಂಬಿಸಿದೆವು. ಬಿಡಿಭಾಗ ತರುವಾಗ ಪಕ್ಕಾ ಬಿಲ್ಲು ಬೇಡಿ. ನಾವೇ ವ್ಯಾಪಾರಿಗಳು, ನಕಲಿ ಮಾಲು ಹೇಗೆ ನಡೆಯುತ್ತದೆಂದು ನಮಗೆ ಬೇರೆಯವರು ಹೇಳಬೇಕೆ?

ಹಿಂಡಿಯ ಚೀಲಗಳು ಅಂದಿನಿಂದ ಬಾಡಿಗೆಯ ಟೆಂಪೋದಲ್ಲಿ ಬರುತ್ತವೆ.

2019ರ ಮಹಾವೀರ ಜಯಂತಿ ಮುಗಿದ ಮೇಲೆ ಅವ್ವ ತಾನಾಗಿಯೇ ಕುಂಭೋಜಕ್ಕೆ ಹೋಗೋಣವೆಂದಳು. ನನಗೇ ಅಂಜಿಕೆ. "ಮಹಾರಾಜರು ಸಾವಿರ ಹರದಾರಿ ಬರಿಗಾಲಲೆ ವಿಹಾರ ಮಾಡತಾರ, ಅವರ ಕಾಲಿಗೆ ಯಾವ ಸ್ಪ್ರಿಂಗ ಅದನೋ?" ಎಂದು ನಕ್ಕಳು. ಅವಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿದೆ. ಹಿಂದಿನ ಅಚ್ಚಿನಿಂದ ದೂರ ಕುಳಿತಷ್ಟು ಹೊಡೆತ ಕಡಿಮೆ, ಇದೂ ಆಗಲೇ ಕಲಿತದ್ದು. ಬುತ್ತಿ, ಸೋಸಿದ ನೀರಿನ ತಂಬಿಗೆ ಜೊತೆಗೇ ಇಟ್ಟುಕೊಂಡೆವು. ಬರುವಾಗ ಹೊತ್ತು ಇಳಿಯುವ ಮೊದಲೇ ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಅವಳ ಊಟ ಮುಗಿಸಿಯೇ ಮುಂದೆ ಹೊರಟೆವು. ಮೋರಿ ದಾಟುವಾಗ ಗಾಡಿ ಒಮ್ಮೆ ಬಾಗಿ ಎದ್ದಿತು, ಅಷ್ಟೇ. ಅವಳಿಗೆ ಗೊತ್ತೇ ಆಗಲಿಲ್ಲ.

ಈಗ ಅವ್ವನಿಗೆ 86 ದಾಟಿದೆ. ಪ್ರತಿವರ್ಷ ಕ್ಷಮಾವಣಿಯ ದಿನ ಅವಳ ಕಾಲು ಮುಟ್ಟಿ ಎಲ್ಲರಂತೆ ಕ್ಷಮೆ ಕೇಳುತ್ತೇನೆ. ಆದರೆ ಆ ಪಾಟಾ ಹಾಕಿಸಿದವನು ನಾನು, ನಾಲ್ಕು ಟೆಂಪೋ ಬಾಡಿಗೆ ಉಳಿಸಲಿಕ್ಕೆ ಹಾಕಿಸಿದೆ ಎಂದು ಇಲ್ಲಿಯವರೆಗೆ ಬಾಯಿಬಿಟ್ಟು ಹೇಳಿಲ್ಲ. ಅವಳು ಈಗಲೂ ಆ ರಸ್ತೆಯನ್ನೇ ಬೈಯುತ್ತಾಳೆ. ಕಣ್ಣು ಮಂಜಾಗಿರುವುದರಿಂದ ಈ ಮಾಸಿಕ ಬಂದಾಗ ನನ್ನ ಮೊಮ್ಮಗಳು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಓದಿ ಹೇಳುತ್ತಾಳೆ. ಈ ಸಲವೂ ಓದುತ್ತಾಳೆ.