ಹದ ನೋಡುವ ಕೆಲಸ

ಟೌನ್ಸ್‌ವಿಲ್‌ನಲ್ಲಿ ಫೆಬ್ರವರಿ ಎಂದರೆ ಮಳೆ, ಸೆಖೆ ಮತ್ತು ರಗ್ಬಿ ಲೀಗ್ ಮಾತು. ಈ ವರ್ಷ, 2025ರಲ್ಲಿ, ಮಳೆ ಹೆಚ್ಚೇ ಆಯಿತು. ನೂರು ಕಿಲೋಮೀಟರಿಗೂ ಸ್ವಲ್ಪ ಆಚೆ, ಉತ್ತರಕ್ಕಿರುವ ಇಂಗಮ್ ಊರಿಗೆ ನೆರೆ ನುಗ್ಗಿತು. ನಾನು ಸಂಶೋಧನೆಗೆಂದು ಹೋಗಿಬರುವ ಕಬ್ಬಿನ ಗದ್ದೆಗಳಲ್ಲಿ ನೀರು ನಿಂತಿತು. ನೀರು ಇಳಿಯುತ್ತಿದ್ದಂತೆ ಜನರ ಬಾಯಲ್ಲಿ ಮತ್ತೆ ಅದೇ ಪ್ರಶ್ನೆ: ಈ ಸಲ ಜೇಸನ್ ಟೌಮಲೋಲೋ ಎಷ್ಟು ನಿಮಿಷ ಆಡಬಹುದು?

ಇಲ್ಲಿಗೆ ಬರುವ ಮುಂಚೆ ನನಗೆ ರಗ್ಬಿ ಎಂದರೆ ಒಂದೇ ಆಟ. ಎರಡು ಎಂದು ತಿಳಿದದ್ದು ಇಲ್ಲಿನ ಜನರಿಂದ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ರಗ್ಬಿ ಯೂನಿಯನ್ನಿನಿಂದ ಬೇರೆಯಾದವು. ಜಗಳ ನಡೆದದ್ದು ಕೂಲಿಯ ಬಗ್ಗೆ. ಗಣಿ, ಗಿರಣಿಗಳ ಕೆಲಸಗಾರರು ಆಡಲು ಹೋದ ದಿನದ ಸಂಬಳ ಕಳೆದುಕೊಳ್ಳುತ್ತಿದ್ದರು. ಅದನ್ನು ತುಂಬಿಕೊಡಿ ಎಂದರೆ, ಇದು ಹವ್ಯಾಸಿಗಳ ಆಟ, ದುಡ್ಡಿನ ಮಾತು ಬೇಡ ಎಂದರು ಮೇಲಿನವರು. ಅಂದಿನಿಂದ ರಗ್ಬಿ ಲೀಗ್ ದುಡಿಯುವವರ ಆಟ. ಮೈಯಿಗೆ ಬೆಲೆ ಕಟ್ಟುವುದು ಅದರ ಹುಟ್ಟಿನಲ್ಲೇ ಇದೆ.

ಆಟ ಕಬಡ್ಡಿ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಒಂದೊಂದು ತಂಡದಲ್ಲಿ 13 ಜನ. ಚೆಂಡು ಹಿಡಿದವನು ಎದುರಾಳಿಗಳ ಗೋಡೆಗೆ ನುಗ್ಗುತ್ತಾನೆ, ಅವರು ಹಿಡಿದು ಕೆಡವುತ್ತಾರೆ. ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾನೆ, ಮತ್ತೊಬ್ಬ ನುಗ್ಗುತ್ತಾನೆ. ಹೀಗೆ ಆರು ಸಲ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಸಲ ಕೆಡವಿದ ಮೇಲೂ ರಕ್ಷಣೆಯ ಸಾಲು ಹತ್ತು ಮೀಟರ್ ಹಿಂದಕ್ಕೆ ಓಡಿ, ಮತ್ತೆ ಮುಂದೆ ಬರಬೇಕು. ಇದು 80 ನಿಮಿಷ. ಮೊದಲ ಎರಡು ಮೂರು ಓಟಗಳು ಸಾಮಾನ್ಯವಾಗಿ ಫಾರ್ವರ್ಡ್‌ಗಳದ್ದು. ದಪ್ಪ ಮೈಯವರು, ಗೋಡೆಗೆ ಗುದ್ದಿ ಹತ್ತಿಪ್ಪತ್ತು ಮೀಟರ್ ಸಂಪಾದಿಸಿ ಕೊಡುವವರು. ಟ್ರೈ ಗಳಿಸಿ ಕುಣಿಯುವವರು ಹೆಚ್ಚಾಗಿ ಬೇರೆಯವರು.

ಟೌಮಲೋಲೋ ಅಂಥ ಫಾರ್ವರ್ಡ್. ಟೋಂಗಾ ಮೂಲದವನು, 1993ರಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿ ಹದಿಹರೆಯದಲ್ಲೇ ಟೌನ್ಸ್‌ವಿಲ್‌ಗೆ ಬಂದ. 2010ರಲ್ಲಿ, 17ರ ವಯಸ್ಸಿನಲ್ಲಿ, ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡಕ್ಕೆ ಆಡಿದ. 2015ರಲ್ಲಿ ಆ ತಂಡ ಬ್ರಿಸ್ಬೇನ್ ಬ್ರಾಂಕೋಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 17–16ರಿಂದ ಸೋಲಿಸಿ ಮೊಟ್ಟಮೊದಲ ಸಲ ಪ್ರಶಸ್ತಿ ಗೆದ್ದಾಗ ಅವನೂ ಇದ್ದ. 2016ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕವನ್ನು ಕೂಪರ್ ಕ್ರಾಂಕ್ ಜೊತೆ ಹಂಚಿಕೊಂಡ. 2017ರಲ್ಲಿ ಕ್ಲಬ್ ಅವನ ಜೊತೆ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಪತ್ರಿಕೆಗಳು ಬರೆದ ಮೊತ್ತ ಸುಮಾರು ಒಂದು ಕೋಟಿ ಡಾಲರ್. ಅದು ಮುಗಿಯುವುದು 2027ಕ್ಕೆ.

ಅದೇ ವರ್ಷ ಅವನು ಇನ್ನೊಂದು ಕೆಲಸ ಮಾಡಿದ. ವಿಶ್ವಕಪ್‌ಗೆ ನ್ಯೂಜಿಲೆಂಡ್ ತಂಡ ಬಿಟ್ಟು, ತಂದೆತಾಯಿಯ ನೆಲವಾದ ಟೋಂಗಾಗೆ ಆಡುತ್ತೇನೆ ಎಂದ. ಟೋಂಗಾ ನ್ಯೂಜಿಲೆಂಡನ್ನೇ 28–22ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 18–20ರಿಂದ ಸೋತಿತು. ಎರಡು ವರ್ಷದ ನಂತರ ಆಸ್ಟ್ರೇಲಿಯಾವನ್ನು 16–12ರಿಂದ ಮಣಿಸಿತು. ಒಬ್ಬ ಫಾರ್ವರ್ಡ್ ತನ್ನ ತೂಕವನ್ನು ಎಲ್ಲಿ ಹಾಕುತ್ತಾನೆ ಎನ್ನುವುದರಿಂದ ಒಂದು ಪುಟ್ಟ ದೇಶದ ಆಟವೇ ಬದಲಾಯಿತು.

ಆಮೇಲೆ ನಿಯಮ ಬದಲಾಯಿತು. ಹಿಂದೆ, ಕೆಡವಿದವನ ಮೇಲೆ ಬಿದ್ದುಕೊಂಡು ಆಟ ತಡಮಾಡಿದರೆ ರೆಫರಿ ಪೆನಾಲ್ಟಿ ಕೊಡುತ್ತಿದ್ದರು. ಚೆಂಡು ಹೊರಗೆ ಒದೆಯುವುದು, ಎಲ್ಲರೂ ನಡೆದುಕೊಂಡು ಹೋಗಿ ನಿಲ್ಲುವುದು, ಅಷ್ಟರಲ್ಲಿ ಫಾರ್ವರ್ಡ್‌ಗಳು ಸೊಂಟಕ್ಕೆ ಕೈಯಿಟ್ಟು ಉಸಿರು ಎಳೆದುಕೊಳ್ಳುವುದು. 2020ರ ಮೇ ಕೊನೆಯಲ್ಲಿ, ಕೊರೊನಾ ವಿರಾಮದ ನಂತರ ಆಟ ಮತ್ತೆ ಶುರುವಾದಾಗ, ಅದರ ಬದಲು ಆರರ ಎಣಿಕೆ ಮೊದಲಿನಿಂದ ಶುರು ಎಂದರು. ಆಟ ನಿಲ್ಲುವುದೇ ಇಲ್ಲ. ಅದಕ್ಕೂ ಮುಂಚೆ, 2016ರಲ್ಲಿ, ಒಂದು ಪಂದ್ಯದಲ್ಲಿ ಆಟಗಾರರನ್ನು ಬದಲಿಸುವ ಅವಕಾಶ ಹತ್ತರಿಂದ ಎಂಟಕ್ಕೆ ಇಳಿದಿತ್ತು. ಎರಡೂ ಸೇರಿ ಏಟು ಬಿದ್ದದ್ದು ಭಾರದ ಮೈಯವರಿಗೆ. ಗೋಡೆಗೆ ಗುದ್ದುವ ಶಕ್ತಿ ಅವರಲ್ಲಿ ಹಾಗೇ ಇತ್ತು. ಗುದ್ದಿದ ಮೇಲೆ ಹಿಂದಕ್ಕೆ ಓಡುವ ಉಸಿರು ಸಾಲದಾಯಿತು.

ಅವನು ಆಡುತ್ತಿದ್ದ ಜಾಗದ ಅರ್ಥವೂ ಬದಲಾಯಿತು. 13ನೇ ಅಂಗಿಯವನನ್ನು ಲಾಕ್ ಎನ್ನುತ್ತಾರೆ. ಟೌಮಲೋಲೋ ಅಲ್ಲಿ ಮೂರನೆಯ ಪ್ರಾಪ್ ಹಾಗೆ ಆಡಿದ: ನುಗ್ಗು, ಬೀಳು, ಏಳು. 2021ರಿಂದ 2024ರವರೆಗೆ ಸತತ ನಾಲ್ಕು ಸಲ ಗೆದ್ದ ಪೆನ್ರಿತ್ ತಂಡದಲ್ಲಿ ಐಸಾಯಾ ಯೋ ಅದೇ ಅಂಗಿ ಹಾಕಿಕೊಂಡು ಬೇರೆಯದೇ ಆಟ ಆಡಿದ. ಗೋಡೆಯ ಹತ್ತಿರ ಹೋಗಿ, ಕೊನೆಯ ಕ್ಷಣದಲ್ಲಿ ಚೆಂಡನ್ನು ಪಕ್ಕದವನಿಗೆ ಕೊಟ್ಟ. ಎದುರಾಳಿಗೆ ಯಾರನ್ನು ಹಿಡಿಯಬೇಕು ಎಂಬ ಅನುಮಾನ ಹುಟ್ಟಿಸುವುದೇ ಅವನ ಕಸುಬು. ಈಗ ಎಲ್ಲರಿಗೂ ಅಂಥ ಲಾಕ್ ಬೇಕು.

2021ರಲ್ಲಿ ಕೌಬಾಯ್ಸ್‌ಗೆ ಟಾಡ್ ಪೇಟನ್ ಕೋಚ್ ಆಗಿ ಬಂದರು. ಮೊದಲ ಪಂದ್ಯದಲ್ಲೇ ಪೆನ್ರಿತ್ ಎದುರು 0–24ರ ಸೋಲು. ಟೌಮಲೋಲೋನನ್ನು ಕಡಿಮೆ ಹೊತ್ತು ಆಡಿಸಿದ್ದರ ಬಗ್ಗೆ ಅವರು ಪತ್ರಕರ್ತರ ಮುಂದೆ ಮುಚ್ಚುಮರೆಯಿಲ್ಲದೆ ಮಾತಾಡಿದರು. ಊರಿಗೆ ಊರೇ ಬೆಚ್ಚಿತು. ಆದರೆ ಮರುವರ್ಷ ತಂಡ ಮೂರನೇ ಸ್ಥಾನಕ್ಕೆ ಏರಿ, ಫೈನಲ್‌ಗೆ ಒಂದೇ ಮೆಟ್ಟಿಲು ಬಾಕಿಯಿರುವಾಗ ಪ್ಯಾರಮಟಾ ಎದುರು 20–24ರಿಂದ ಸೋತಿತು. ಆಮೇಲೆ ಟೌಮಲೋಲೋ ಪ್ರಾಪ್ ಆದ, ಬೆಂಚಿಗೂ ಬಂದ. ಅವನಿಗಿಂತ ಹಗುರವಾದ, ದಣಿವರಿಯದ ರೂಬೆನ್ ಕಾಟರ್ ನಡುವಿನ ಹೊರೆ ಹೊತ್ತ.

ಇಂಗಮ್ ಕಡೆಯ ಕಬ್ಬಿನ ರೈತರೊಬ್ಬರು ನನಗೆ ಹೇಳಿದರು: “ಕೋಟಿ ಕೊಟ್ಟು ಅರ್ಧ ಗಂಟೆ ಆಡಿಸುತ್ತಾರೆ. ಲೆಕ್ಕ ಹಾಕು, ನಿಮಿಷಕ್ಕೆ ಎಷ್ಟಾಯಿತು?” ಅದು ಬರೀ ಹೊಟ್ಟೆಕಿಚ್ಚಿನ ಮಾತಲ್ಲ. ಈ ಲೀಗಿನಲ್ಲಿ ಪ್ರತಿ ತಂಡಕ್ಕೂ ಸಂಬಳದ ಮಿತಿಯಿದೆ. ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ಸಿಗುವುದಿಲ್ಲ.

ಆ ಲೆಕ್ಕ ಕೇಳಿದಾಗ ನನಗೆ ನೆನಪಾದದ್ದು ಮಂಡ್ಯದ ನಮ್ಮೂರಿನ ಆಲೆಮನೆ ಮತ್ತು ನಮ್ಮ ದೊಡ್ಡಪ್ಪ. ವಯಸ್ಸಿನಲ್ಲಿ ಅವರು ಗದ್ದೆಯಿಂದ ಕಬ್ಬಿನ ಹೊರೆ ಹೊತ್ತು ತರುತ್ತಿದ್ದರು. ಬದುವಿನ ಮೇಲೆ, ಕೆಸರಿನಲ್ಲಿ, ನಿಲ್ಲದೆ. ಸೊಂಟ ಹೋದ ಮೇಲೆ ಆಲೆಮನೆಯವರು ಅವರನ್ನು ಕೊಪ್ಪರಿಗೆಯ ಮುಂದೆ ನಿಲ್ಲಿಸಿದರು. ಅಲ್ಲಿನ ಕೆಲಸ ಪಾಕದ ಹದ ನೋಡುವುದು. ಗಂಟೆಗಟ್ಟಲೆ ಕುದಿಯುವುದನ್ನು ನೋಡುತ್ತ ನಿಂತು, ಇಳಿಸಿ ಎಂದು ಒಂದು ಸಲ ಹೇಳಬೇಕು. ಮೊದಲೇ ಹೇಳಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಊರಿನವರು ಮಾತ್ರ ಅವರನ್ನು ಕಂಡಾಗಲೆಲ್ಲ, “ಎಷ್ಟ್ ಹೊರೆ ಹೊರ್ತಿದ್ಯಲ್ಲಣ್ಣ ನೀನು!” ಎನ್ನುತ್ತಿದ್ದರು. ದೊಡ್ಡಪ್ಪ ನಗುತ್ತಿದ್ದರು. ಅದು ಹೊಗಳಿಕೆಯೋ ಚರಮಗೀತೆಯೋ ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ.

ಈ ಹೋಲಿಕೆಯನ್ನು ಸಿಹಿ ಮಾಡಿ ಮುಗಿಸುವುದು ಸುಲಭ. ಆದರೆ ಕೊಪ್ಪರಿಗೆಯ ಮುಂದೆ ಜಾಗ ಇದ್ದದ್ದು ಒಬ್ಬರಿಗೆ. ದೊಡ್ಡಪ್ಪನ ಜೊತೆ ಹೊರೆ ಹೊತ್ತವರು ಇನ್ನೂ ಇದ್ದರು. ಅವರ ಸೊಂಟ ಹೋದಾಗ ಅವರು ಮನೆಗೆ ಹೋದರು. ಹತ್ತು ವರ್ಷದ ಒಪ್ಪಂದ ಯಾರಿಗೂ ಇರಲಿಲ್ಲ. ರಗ್ಬಿಯಲ್ಲೂ ಹೊಸ ಪಾತ್ರ ಎಂಬುದು ಹೆಸರು ಮಾಡಿದವನಿಗೆ ಸಿಗುವ ಮರ್ಯಾದೆ. ಹೆಸರಿಲ್ಲದ ಫಾರ್ವರ್ಡ್ ವೇಗ ಕಳೆದುಕೊಂಡರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಅಷ್ಟೇ. ಅದಕ್ಕೇ ಟೌಮಲೋಲೋನ ಅರ್ಧ ಗಂಟೆ ನನಗೆ ಮುಖ್ಯ. ದುಡಿದ ಮೈಗೆ ದುಡಿಮೆಯ ಆಚೆಗೂ ಒಂದು ಬೆಲೆ ಉಂಟು ಎಂದು ಒಂದು ಕ್ಲಬ್ ಕಾಗದದ ಮೇಲೆ ಬರೆದುಕೊಟ್ಟ ಅಪರೂಪದ ಪ್ರಕರಣ ಅದು. ಬರೆದುಕೊಟ್ಟವರು ಹಾಗೆಂದುಕೊಂಡು ಬರೆಯಲಿಲ್ಲ, ನಿಜ.

ಇನ್ನು ಈ ವರ್ಷದ ಮಾತು. 2023ರಲ್ಲಿ 11ನೇ ಸ್ಥಾನಕ್ಕೆ ಕುಸಿದಿದ್ದ ಕೌಬಾಯ್ಸ್ 2024ರಲ್ಲಿ ಐದನೆಯದಾಗಿ, ನ್ಯೂಕ್ಯಾಸಲ್ ತಂಡವನ್ನು ಸೋಲಿಸಿ, ಕ್ರೊನಲಾ ಎದುರು ಮನೆಗೆ ಮರಳಿತು. ಈಗ ವ್ಯಾಲೆಂಟೈನ್ ಹೋಮ್ಸ್, ಕೈಲ್ ಫೆಲ್ಟ್, ಚಾಡ್ ಟೌನ್ಸೆಂಡ್ ಮೂವರೂ ಇಲ್ಲ. 2015ರ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಸಮಬಲದ ಟ್ರೈ ಹಾಕಿದವನು ಫೆಲ್ಟ್. ಆಟ ನಡೆಸುವ ಹೊಣೆ ಟಾಮ್ ಡಿಯರ್ಡನ್ ಮೇಲೆ ಬಿದ್ದಿದೆ. ಸ್ಕಾಟ್ ಡ್ರಿಂಕ್‌ವಾಟರ್ ಹಿಂದಿನಿಂದ ಬಂದು ದಾಳಿ ಕಟ್ಟಬಲ್ಲ. ರನ್ ಗಳಿಸಿದರೂ ವಿಕೆಟ್ ಕೀಳಲಾರದ ಕ್ರಿಕೆಟ್ ತಂಡದ ಹಾಗೆ, ಇವರು ಅಂಕ ಗಳಿಸುತ್ತಾರೆ, ಬಿಟ್ಟೂ ಕೊಡುತ್ತಾರೆ. 17 ತಂಡಗಳಲ್ಲಿ ಮೊದಲ ಎಂಟಕ್ಕೆ ಮಾತ್ರ ಫೈನಲ್ಸ್. ನನ್ನ ಅಂದಾಜಿನಲ್ಲಿ ಈ ತಂಡ ಎಂಟರ ಗೆರೆಯ ಆಚೀಚೆ ತೂಗಾಡುತ್ತದೆ, ಮತ್ತು ಅದು ತೀರ್ಮಾನವಾಗುವುದು ರಕ್ಷಣೆಯಲ್ಲಿ, ನಡುವಿನ ಗೋಡೆಯಲ್ಲಿ.

ಬೆಂಚಿನಿಂದ ಬರುವ ದೊಡ್ಡ ಫಾರ್ವರ್ಡ್‌ಗೆ ಅರ್ಥ ಬರುವುದೂ ಅಲ್ಲೇ. ಮೊದಲರ್ಧದ ನಡುವೆ ಎರಡೂ ಕಡೆಯ ಪ್ರಾಪ್‌ಗಳು ಸುಸ್ತಾಗುವ ಹೊತ್ತಿಗೆ ಅವನು ಇಳಿಯುತ್ತಾನೆ. ಅವನನ್ನು ಹಿಡಿಯಲು ಇಬ್ಬರು ಸಾಲದು, ಮೂವರು ಬೇಕು. ಆ ಮೂವರು ಎದ್ದು ಹತ್ತು ಮೀಟರ್ ಹಿಂದೆ ಓಡುವಷ್ಟರಲ್ಲಿ ಮುಂದಿನ ಚೆಂಡು ಹೊರಟಿರುತ್ತದೆ. ಡಿಯರ್ಡನ್‌ಗೆ ಸಿಗುವ ಸಂದು ಅದು. ಅಂಕಪಟ್ಟಿಯಲ್ಲಿ ಟ್ರೈ ಬೇರೆಯವನ ಹೆಸರಿಗೆ ಹೋಗುತ್ತದೆ, ಟೌಮಲೋಲೋನ ಹೆಸರಿನ ಮುಂದೆ ಕೆಲವು ಮೀಟರ್ ಅಷ್ಟೇ.

ಈ ಸೀಸನ್‌ನಲ್ಲಿ ನಾನು ಅವನ ಮೀಟರುಗಳನ್ನು ಎಣಿಸುವುದಿಲ್ಲ. ಅವನು ಬಿದ್ದ ಮೇಲೆ ಕಣ್ಣು ಅಲ್ಲೇ ನಿಲ್ಲಿಸದೆ, ಎದುರು ಸಾಲಿನಲ್ಲಿ ಯಾರು ತಡವಾಗಿ ಎದ್ದರು ಎಂದು ನೋಡುತ್ತೇನೆ.