85 ಡಿಗ್ರಿ

ಅಮ್ಮ ಎದ್ದಿದ್ದಾಳೆ. ದೀಪ ಹಾಕಿಲ್ಲ, ಮಂಚಕ್ಕೆ ವಾಕರ್ ತಗುಲಿದ ಸದ್ದಿಗೇ ಗೊತ್ತಾಗುತ್ತದೆ. ರಾತ್ರಿ ಎರಡೂವರೆ. ಮಂಡಿಯ ಆಪರೇಷನ್ ಆಗಿ ಇಂದಿಗೆ 16 ದಿನ.

"ನೋವಾ ಅಮ್ಮ?"

"ಅದು ಇದ್ದದ್ದೇ. ನೀನು ಮಲಗು."

ಹಿಮ್ಮಡಿಯ ಕೆಳಗಿದ್ದ ದಿಂಬು ಮಂಡಿಯ ಕೆಳಗೆ ಸೇರಿದೆ. ಹಾಗಿಟ್ಟರೆ ಹಾಯೆನಿಸುತ್ತದೆ, ಆದರೆ ಮಂಡಿ ಬಾಗಿದ ಹಾಗೇ ಬಿಗಿದುಕೊಂಡರೆ ಆಮೇಲೆ ಕಾಲು ನೆಟ್ಟಗೆ ಚಾಚಲು ಬಾರದು. ಮೆಲ್ಲಗೆ ತೆಗೆಯುತ್ತೇನೆ. ಅಮ್ಮ ಹಲ್ಲು ಕಚ್ಚುತ್ತಾಳೆ. ಹಳೆ ಸೀರೆಯ ತುಂಡಿನಲ್ಲಿ ಐಸ್ ಸುತ್ತಿ ಇಡುವಾಗ ಮಂಡಿಯ ಬಿಸಿ ಕೈಗೆ ತಾಗುತ್ತದೆ. ಈ ಬಿಸಿ, ಈ ಬಾವು ತಿಂಗಳುಗಟ್ಟಲೆ ಇರುವಂಥದ್ದು. ಗಾಯದ ಹೊರಮಗ್ಗುಲು ಜೋಮು ಹಿಡಿದಿದೆ. ಅಲ್ಲಿ ಮುಟ್ಟಿದರೆ "ಯಾರದೋ ಕಾಲು ಅನ್ನಿಸುತ್ತೆ ಕಣೆ" ಅನ್ನುತ್ತಾಳೆ. ಒಳಗೀಗ ಕೋಬಾಲ್ಟ್-ಕ್ರೋಮಿಯಂ, ಟೈಟಾನಿಯಂ, ನಡುವೆ ಪಾಲಿಎಥಿಲೀನಿನ ಬಿಲ್ಲೆ. ಯಾರದೋ ಅನ್ನಿಸದೆ ಇನ್ನೇನು?

ಸ್ವಲ್ಪ ಹೊತ್ತು ಬಿಟ್ಟು, ಕತ್ತಲಲ್ಲೇ: "ಇನ್ಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲ, ಅಲ್ವಾ?"

ಚಕ್ಕಳಮಕ್ಕಳ ಹಾಕಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ ಎಂದು ಆಸ್ಪತ್ರೆಯವರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಮಾತ್ರೆಯ ಹೊತ್ತುಗಳನ್ನು ಓದಿದ ಹಾಗೆ ನಾನದನ್ನು ಓದಿ ಮಡಿಸಿಟ್ಟಿದ್ದೆ. ಅಮ್ಮನಿಗೆ ಅದರಲ್ಲಿ ಕಂಡದ್ದು ದೇವರ ಮುಂದಿನ ಮಣೆ, ಈಳಿಗೆಮಣೆ, ಬಾಗಿಲ ರಂಗೋಲಿ, ಸಂಜೆ ಜಗುಲಿಯಲ್ಲಿ ಹೂ ಕಟ್ಟುತ್ತಾ ಕೂರುವ ಗೆಳತಿಯರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಾಳೆ.

"ಎಕ್ಸ್-ರೇ ಚೆನ್ನಾಗಿದೆಯಲ್ಲಮ್ಮ, ಯಾಕೆ ಅಳ್ತೀಯ?" ಅಂದುಬಿಡುತ್ತೇನೆ. ಅಮ್ಮ ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ. ಆ ಮಾತು ಆಡಬಾರದಿತ್ತು.

ಬೆಳಿಗ್ಗೆ ಪಕ್ಕದ ಬೀದಿಯವರು ನೋಡಲು ಬರುತ್ತಾರೆ. ಅವರ ಅತ್ತಿಗೆ ಮೂರನೇ ವಾರಕ್ಕೇ ದೇವಸ್ಥಾನದ ಮೆಟ್ಟಿಲು ಹತ್ತಿದರಂತೆ. ಅಮ್ಮನ ಉಪ್ಪಿಟ್ಟಿನ ತಟ್ಟೆ ತುಂಬಿದ್ದ ಹಾಗೇ ಒಳಗೆ ಹೋಗುತ್ತದೆ.

ಹತ್ತು ಗಂಟೆಗೆ ಫಿಸಿಯೋಥೆರಪಿಯ ಹುಡುಗಿ. ಪಾದಕ್ಕೆ ಟವೆಲ್ ಸುತ್ತಿ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಬೇಕು. "ಇನ್ನೊಂಚೂರು ಅಮ್ಮಾ, ಉಸಿರು ಬಿಡಿ." ಪ್ಲಾಸ್ಟಿಕ್ ಕೋನಮಾಪಕ ಹಿಡಿದು ಓದುತ್ತಾಳೆ: 85 ಡಿಗ್ರಿ. ಪುಸ್ತಕದಲ್ಲಿ ಬರೆಯುತ್ತಾಳೆ. ಪುಸ್ತಕ ಮುಚ್ಚದೆ ಕೇಳುತ್ತಾಳೆ: "ನಿದ್ದೆ ಬರ್ತಿದೆಯಾ? ಊಟ ಸೇರ್ತಿದೆಯಾ?"

ಅಮ್ಮ ಅವಳ ಮುಖವನ್ನೇ ನೋಡುತ್ತಾಳೆ. ಮೊನ್ನೆ ಹೊಲಿಗೆ ಬಿಚ್ಚಿದಾಗ ಗಾಯ ನೋಡಿದರು, ಬಾಗುವಿಕೆ ನೋಡಿದರು. ಇದನ್ನು ಯಾರೂ ಕೇಳಿರಲಿಲ್ಲ. ಮಗಳಾದ ನಾನೂ ಕೇಳಿರಲಿಲ್ಲ.

"ಈ ಆಪರೇಷನ್ನೇ ಮಾಡಿಸಬಾರದಿತ್ತಮ್ಮ. ಯಾರಿಗೂ ಹೇಳಲಿಲ್ಲ."

"ಎರಡನೇ ಮೂರನೇ ವಾರದಲ್ಲಿ ತುಂಬಾ ಜನ ಹೀಗೇ ಅಂತಾರೆ" ಎನ್ನುತ್ತಾಳೆ ಹುಡುಗಿ. ನಿದ್ದೆಗೆಟ್ಟ ರಾತ್ರಿಗಳು, ನೋವು, ಮಾತ್ರೆಯ ಮಂಪರು, ಎಲ್ಲದಕ್ಕೂ ಇನ್ನೊಬ್ಬರ ಕೈ ಹಿಡಿಯಬೇಕಾದ ಸಂಕಟ, ಎಲ್ಲ ಸೇರಿ ಮನಸ್ಸನ್ನು ಕುಗ್ಗಿಸುತ್ತವೆ. ಮನಸ್ಸು ಕುಗ್ಗಿದವರು ವ್ಯಾಯಾಮ ಬಿಡುತ್ತಾರೆ. ಬಿಟ್ಟರೆ ಮಂಡಿ ಬಿಗಿಯುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಅಮ್ಮ ಕಿವಿಗೊಟ್ಟು ಕೇಳುತ್ತಾಳೆ. ಇದು ತನ್ನೊಬ್ಬಳ ಹಣೆಬರಹವಲ್ಲ ಎಂದು ಅವಳಿಗೆ ಮೊದಲ ಸಲ ತಿಳಿಯುತ್ತಿದೆ.

ಹುಡುಗಿ ಹೋದ ಮೇಲೆ, ನಮ್ಮಲ್ಲೇ ಉಳಿಯುವ ಆ ಪುಸ್ತಕದಲ್ಲಿ 85ರ ಪಕ್ಕ ಒಂದು ಗೆರೆ ಎಳೆದು ಬರೆಯುತ್ತೇನೆ: ನಿದ್ದೆ 3 ಗಂಟೆ, ತಿಂಡಿ ಇಲ್ಲ, ರಾತ್ರಿ ಅತ್ತಳು. ಮುಂದಿನ ಸಲ ಡಾಕ್ಟರ ಮುಂದೆ ಎರಡನ್ನೂ ಇಡುತ್ತೇನೆ. ಮಧ್ಯಾಹ್ನ ಹೂವಿನ ಬುಟ್ಟಿಯನ್ನು ಎತ್ತರದ ಮೇಜಿನ ಮೇಲೆ ತಂದಿಟ್ಟಾಗ ಅಮ್ಮ ಕುರ್ಚಿಯಲ್ಲಿ ಕೂತು ಒಂದು ಮೊಳ ಕಟ್ಟುತ್ತಾಳೆ. ಎರಡನೆಯ ಮೊಳಕ್ಕೆ ಮನಸ್ಸಿಲ್ಲ. ಇರಲಿ.

ಮಂಡಿ ಬದಲಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ, ಎಷ್ಟು ಬಾಗುತ್ತದೆ ಎಂದು ಕೇಳುವ ಮೊದಲು ರಾತ್ರಿ ಹೇಗೆ ಕಳೆಯಿತು ಎಂದು ಕೇಳಿ. ಎರಡು ವಾರವಾದರೂ ಮಂಕು ಕವಿದೇ ಇದ್ದರೆ, ಬದುಕೇ ಬೇಡವೆನ್ನುವ ಮಾತು ಬಂದರಂತೂ ಆ ದಿನವೇ, ವೈದ್ಯರಿಗೆ ತಿಳಿಸಿ. ನಡುರಾತ್ರಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.